ಬಟ್ಟೆಯಲ್ಲಿ ನಿಂತ ಸೂಜಿ

ಇಂಥದ್ದನ್ನೆಲ್ಲ ನಂಬದವರಲ್ಲಿ ನಾನೇ ಮೊದಲಿಗನಾಗಿದ್ದೆ. ಬಿ.ಕಾಂ. ಓದಿದವನು. ರಾಯದುರ್ಗದಲ್ಲಿ ಅಣ್ಣನ ಜೊತೆ ಜೀನ್ಸ್ ಹೊಲಿಸುವ ಕೆಲಸ ನೋಡಿಕೊಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ಹೇಳುತ್ತೇನೆ. ನೀವು ನಂಬಲೇಬೇಕೆಂದಿಲ್ಲ.

ಅಮ್ಮನದೊಂದು ಪದ್ಧತಿ ಇತ್ತು. ಮನೆಯವರು ಯಾರಾದರೂ ದೂರ ಪ್ರಯಾಣದಲ್ಲಿದ್ದರೆ ಮಷಿನ್ ಹೊಲಿಗೆಯನ್ನು ಅರ್ಧಕ್ಕೇ ನಿಲ್ಲಿಸಿ, ಸೂಜಿಯನ್ನು ಬಟ್ಟೆಯೊಳಗೆ ಇಳಿಸಿಬಿಡುತ್ತಿದ್ದಳು. ತಲುಪಿದ ಸುದ್ದಿ ಬಂದ ಮೇಲೆಯೇ ಅದು ಮೇಲೇಳಬೇಕು. ಬಟ್ಟೆ ಸರಿಯದಂತೆ ಹಿಡಿಯುವ ಸೂಜಿ, ಹೋದವರನ್ನೂ ಹಿಡಿದಿರುತ್ತದಂತೆ. ನಾವು ನಗುತ್ತಿದ್ದೆವು.

ಆ ಸಲ ವ್ಯಾಪಾರಿಯೊಬ್ಬರಿಗೆ ಸ್ಯಾಂಪಲ್ ತೋರಿಸಿ ದೆಹಲಿಯಿಂದ ಮರಳುತ್ತಿದ್ದೆ. ವಿಮಾನದಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿದೆ.

"ಬೆಂಗಳೂರಿಗೆ ಎಷ್ಟೊತ್ತು ಆಗ್ತೈತಪ್ಪ?" ಎಂದಳು.

ಮೊಬೈಲ್ ನೋಡಿ ಹೇಳಿದೆ: ಸಾವಿರದ ಏಳುನೂರು ಕಿಲೋಮೀಟರ್, ಎರಡೂಮುಕ್ಕಾಲು ಗಂಟೆ. "ಸಂಜಿಗೆ ಹೊಲಿದ ಪೀಸ್ ಒಯ್ಯಾಕ ಆಟೋ ಬರ್ತೈತಿ. ಅಷ್ಟೊತ್ತಾದ ಮ್ಯಾಲೆ ನನ್ನ ಫೋನಿಗೆ ಕಾಯಬ್ಯಾಡ, ಹೊಲಿ."

"ಬಳ್ಳಾರಿ ಬಸ್ಸೇ ಹೇಳಿದ ಟೈಮಿಗೆ ಬರಂಗಿಲ್ಲ. ನಿಂದು ಗಾಳ್ಯಾಗ ಬರೋದು!"

"ಗಾಳ್ಯಾಗ ರೈಲ್ವೆ ಗೇಟ್ ಹಾಕಂಗಿಲ್ಲಮ್ಮ," ಎಂದೆ. ಅವಳೂ ನಕ್ಕಳು.

ಬೆಂಗಳೂರಿನ ಮೇಲೆ ಮೋಡ ಕವಿದಿತ್ತು. ಇಳಿಯಲಾಗದೆ ವಿಮಾನ ಸುತ್ತತೊಡಗಿತು. ನಾನು ಹೇಳಿದ ಹೊತ್ತು ಮೀರಿತು. ಆಮೇಲೆ ಒಮ್ಮೆಲೇ ಬಿತ್ತು. ಬಿತ್ತು ಎಂದೇ ಹೇಳಬೇಕು, ಬೇರೆ ಮಾತಿಲ್ಲ. ಬೆಲ್ಟು ಹೊಟ್ಟೆಯನ್ನು ಕೊಯ್ಯಿತು. ಯಾರದೋ ಚಪ್ಪಲಿ ಹಾರಿ ಛಾವಣಿಗೆ ಬಡಿಯಿತು. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ, ಕೆಳಗಿನಿಂದ ಯಾರೋ ಹಿಡಿದ ಹಾಗೆ ತಟ್ಟನೆ ನಿಂತಿತು. ಈಗಲೂ ಕಣ್ಣು ಮುಚ್ಚಿದರೆ ಅದೇ ಬೀಳುವಿಕೆ.

ಇಳಿದ ಕೂಡಲೇ ಮನೆಗೆ ಫೋನ್ ಮಾಡಿದೆ. ಎತ್ತಿಕೊಂಡ ಅತ್ತಿಗೆ ಅಳುತ್ತಿದ್ದಳು. "ನಿಜ ಹೇಳ್ರಿ, ನೆಲದ ಮ್ಯಾಲೆ ಅದೀರೇನು?" ಹೌದೆಂದೆ. ಅವಳು ಅತ್ತ ತಿರುಗಿ ಕೂಗಿದಳು: "ಅತ್ತಿ, ಇಳಿದಾರಂತ್ರಿ! ಈಗರ ತೆಗೆಸ್ಕೊಳ್ರಿ!"

ನಾನು ಹೇಳಿದ ಹೊತ್ತಾಯಿತೆಂದು ಅಮ್ಮ ಮಷಿನ್ ಶುರು ಮಾಡಿದ್ದಳು. ನಾಲ್ಕು ಹೊಲಿಗೆ ಬೀಳುವಷ್ಟರಲ್ಲಿ ಜೀನ್ಸಿನ ದಪ್ಪ ಸೂಜಿ ಅವಳ ಉಗುರಿನೊಳಗಿಂದ ಹಾದು ಬಟ್ಟೆಗೆ ಇಳಿದಿತ್ತು. ಎಂದೂ ತಪ್ಪದ ಕೈ ಅದು. ಚಕ್ರ ತಿರುಗಿಸಿ ಸೂಜಿ ಎತ್ತಲು ಅಣ್ಣ ಓಡಿ ಬಂದರೆ, ಇನ್ನೊಂದು ಕೈಯಿಂದ ಚಕ್ರವನ್ನು ಬಿಗಿಯಾಗಿ ಹಿಡಿದುಬಿಟ್ಟಳಂತೆ. "ಮುಟ್ಟಬ್ಯಾಡ. ಅವ ಇನ್ನಾ ಇಳಿದಿಲ್ಲ." ನನ್ನ ಫೋನ್ ಬರುವ ತನಕ ಹಾಗೇ ಕೂತಿದ್ದಳು.

ಗಾಯ ಕೊಳೆತು, ಬೆರಳಿನ ತುದಿ ತೆಗೆಸಬೇಕಾಯಿತು. ಓಣಿಯವರು ಪವಾಡ ಎಂದು ಕೈಮುಗಿದು, ಚಹಾ ಕುಡಿದು ಹೋದರು. ಪವಾಡಕ್ಕೆ ಹೊಲಿದು ತಿನ್ನುವವಳ ಬೆರಳೇ ಬೇಕಿತ್ತೆ?

ಸೂಜಿ ಇಳಿದದ್ದು, ವಿಮಾನ ನಿಂತದ್ದು ಎರಡೂ ಒಂದೇ ಗಳಿಗೆಯಲ್ಲಿ ಆದವೋ ಇಲ್ಲವೋ, ಯಾರೂ ಗಡಿಯಾರ ನೋಡಿರಲಿಲ್ಲ. ಮೋಡದಲ್ಲಿ ವಿಮಾನ ಹಾಗೆ ಕುಸಿಯುವುದುಂಟು ಎಂದು ತಿಳಿದವರು ಹೇಳಿದರು. ಬಿದ್ದದ್ದಕ್ಕೆ ಅದು ಕಾರಣ, ಒಪ್ಪಿದೆ. ನಿಂತದ್ದಕ್ಕೆ?

ಅಮ್ಮ ಈಗ ಮಷಿನ್ ಮುಟ್ಟುವುದಿಲ್ಲ. ನಾನು ಅನಂತಪುರಕ್ಕೆ ಹೊರಟರೂ ಎಷ್ಟೊತ್ತು ಆಗುತ್ತದೆಂದು ಕೇಳುವುದಿಲ್ಲ. ಆ ಮೊಂಡು ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೂರುತ್ತಾಳೆ. ತಲುಪಿದೆ ಎಂದ ಮೇಲೆಯೇ ಬಿಡುವುದು. ಹಿಡಿಯಬೇಡ ಎಂದು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.