ಮೊದಲು ಆರಬೇಕಾದದ್ದು ಈಜುಕೊಳ

ಬೆಳಗಿನ ಐದು ನಲವತ್ತು. ರಾಜಾನುಕುಂಟೆಯಾಚೆಯ ಲೇಔಟೊಂದರ ಗೇಟಿನ ಪಕ್ಕದ ಕಂಟ್ರೋಲ್ ರೂಮಿನಲ್ಲಿ ಜಬೀನ್ ಟೀ ಲೋಟ ಕೆಳಗಿಡುತ್ತಾರೆ. ಹೊರಗಿನ ದೊಡ್ಡ ಲೈನಿನ ಕರೆಂಟು ಈಗಷ್ಟೇ ಹೋಗಿದೆ. ಪರದೆಯ ಮೇಲೆ ಐವತ್ತರಲ್ಲಿ ನಿಂತಿರಬೇಕಾದ ಅಂಕಿ ಜಾರುತ್ತಿದೆ: 49.7, 49.5. ಅದು ಕರೆಂಟಿನ ನಾಡಿ. ತೀರಾ ಇಳಿದರೆ ಲೇಔಟೂ ಕತ್ತಲು, ಪಕ್ಕದ ಹಳ್ಳಿಯೂ ಕತ್ತಲು. ಜಬೀನ್ ಈಜುಕೊಳದ ಪಂಪು ಆರಿಸುತ್ತಾರೆ, ಆಮೇಲೆ ಜಿಮ್ಮು, ಕ್ಲಬ್‌ಹೌಸು. ಅಂಕಿ ನಿಧಾನವಾಗಿ ಐವತ್ತರತ್ತ ಏರುತ್ತದೆ.

ಫೋನು ಬರುತ್ತದೆ. ಲೇಔಟಿನ ನಿವಾಸಿಗಳ ಸಂಘದ ಅಧ್ಯಕ್ಷ ತ್ರಿವಿಕ್ರಮ.

"ಟ್ರೆಡ್‌ಮಿಲ್ ಮೇಲಿದ್ದೆ ಕಣ್ರೀ. ಹಳ್ಳಿ ಡೇರಿ ಆಫ್ ಮಾಡಿ, ನಮ್ದು ಹಾಕಿ. ಬ್ಯಾಟರಿ ನಮ್ದಲ್ವಾ?"

"ಬ್ಯಾಟರಿ ನಿಮ್ದೇ ಸಾರ್. ಅದ್ರೊಳಗಿರೋದು ನಿನ್ನೆ ಮಧ್ಯಾಹ್ನ ಹಳ್ಳಿಯವ್ರು ಕೊಟ್ಟ ಬಿಸಿಲು. ಪಟ್ಟಿಯಲ್ಲಿ ಇರೋ ಹಂಗೇ ಆರ್ಸೋದು."

ಫೋನಿಟ್ಟು, ಆರಿಹೋದ ಟೀಯನ್ನು ಒಂದೇ ಗುಟುಕಿಗೆ ಮುಗಿಸುತ್ತಾರೆ.

ಮೂವತ್ತೊಂಬತ್ತರ ಜಬೀನ್ ಯಶವಂತಪುರದವರು. ಅಪ್ಪನ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಲೇ ಐಟಿಐ ಮುಗಿಸಿದವರು. ಮೋಟಾರಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳಬಲ್ಲರು. "ಹೆಂಗಸರಿಗೆ ಪ್ಯಾನೆಲ್ ಕೆಲ್ಸ ಆಗುತ್ತಾ ಅಂದ್ರು. ಮುಟ್ಟೋರು ಯಾರು ಅಂತ ಪ್ಯಾನೆಲ್‌ಗೆ ಗೊತ್ತಾಗಲ್ಲ ಬಿಡಿ ಅಂದೆ." ಕೆಲಸ ಸಿಕ್ಕಿತು. ಅದಾಗಿ ಐದು ವರ್ಷ.

ಲೇಔಟಿನ 212 ಮನೆಗಳಿಗೆ ದೊಡ್ಡ ಬ್ಯಾಟರಿಯಿದೆ, ಹಳ್ಳಿಯ ಕೊಟ್ಟಿಗೆಗಳ ಮಾಡಿನ ಮೇಲೆ ಸೋಲಾರ್ ಹಲಗೆಗಳಿವೆ. ಕರೆಂಟಿನ ಜಾಲಗಳಾದ ಈ ಎರಡೂ ಪುಟ್ಟ ಗ್ರಿಡ್ಡುಗಳು ಒಂದಕ್ಕೊಂದು ಜೋಡಿಸಿಕೊಂಡು, ದೊಡ್ಡ ಲೈನಿಗೂ ಸೇರಿಕೊಂಡಿವೆ. ಆ ಲೈನು ದಿನಕ್ಕೆ ನಾಲ್ಕೈದು ಸಲ ಕೈಕೊಟ್ಟಾಗ ಇವೆರಡೂ ಪರಸ್ಪರ ಆತು ನಿಲ್ಲಬೇಕು. ಮತ್ತೆ ಅದಕ್ಕೆ ಸೇರಿಕೊಳ್ಳುವುದು ಇನ್ನೂ ನಾಜೂಕಿನ ಕೆಲಸ. "ಓಡೋ ಬಸ್ ಹತ್ತೋ ಥರ. ಅದ್ರ ಸ್ಪೀಡಿಗೆ ನಾವೂ ಓಡಿ ಕಾಲಿಡ್ಬೇಕು. ನಿಂತಲ್ಲಿಂದ ಹಾರಿದ್ರೆ ಹಲ್ಲು ಉದುರುತ್ತೆ."

ಕರೆಂಟು ಸಾಲದಾದಾಗ ಯಾವುದು ಮೊದಲು ಆರಬೇಕು ಎಂಬ ಪಟ್ಟಿಯನ್ನು ಎರಡೂ ಕಡೆಯವರು ಕೂತು ಒಪ್ಪಿದ್ದರು. ಮೊದಲು ಈಜುಕೊಳ; ಕಟ್ಟಕಡೆಗೆ ಕುಡಿಯುವ ನೀರಿನ ಪಂಪು ಮತ್ತು ಹಾಲು ತಂಪು ಮಾಡುವ ಟ್ಯಾಂಕು. ಒಪ್ಪುವಾಗ ಎಲ್ಲರೂ ಧರ್ಮರಾಯರೇ. ಹೋದ ಏಪ್ರಿಲ್‌ನ ಒಂದು ಬೆಳಿಗ್ಗೆ, ನಮ್ಮ ಬ್ಯಾಟರಿ ನಮಗೇ ಇರಲಿ, ಹಳ್ಳಿಯ ಜೋಡಣೆ ಬಿಡಿಸಿ ಎಂದು ಸಂಘದಿಂದ ಫೋನು ಬಂತು. ಜಬೀನ್ ಬೇಡವೆಂದರು, ಗದರಿದಾಗ ಬಿಡಿಸಿದರು. ಮಧ್ಯಾಹ್ನ ದೊಡ್ಡ ಲೈನು ಹೋಯಿತು. ಬಿಸಿಲು ತುಂಬದ ಬ್ಯಾಟರಿ ಕೆಲವೇ ನಿಮಿಷಕ್ಕೆ ಕೈಚೆಲ್ಲಿ, ಲಿಫ್ಟಿನಲ್ಲಿ ಇಬ್ಬರು ಸಿಕ್ಕಿಕೊಂಡರು. ಅತ್ತ ಹಳ್ಳಿಯಲ್ಲಿ ಬಿಸಿಲು ಹೆಚ್ಚಾಗಿ, ಹಿಡಿದಿಡಲು ಬ್ಯಾಟರಿಯಿಲ್ಲದೆ ಅಂಕಿ ಐವತ್ತೊಂದು ದಾಟಿ ಎಲ್ಲ ಬಂದಾಯಿತು. ಒಂದು ಕಡೆ ಹಸಿವು, ಇನ್ನೊಂದು ಕಡೆ ಅಜೀರ್ಣ. 340 ಲೀಟರ್ ಹಾಲು ಒಡೆದುಹೋಯಿತು.

ಸಭೆಯಲ್ಲಿ ಗೂಬೆ ಕೂರಿಸಿದ್ದು ಜಬೀನ್ ತಲೆಯ ಮೇಲೆ. ಬಿಡಿಸಿ ಎಂದು ಹೇಳಿದವರು ಯಾರೆಂಬುದು ಯಾರಿಗೂ ನೆನಪಿರಲಿಲ್ಲ. ಕೇಳಿದವರಿಗೂ ಮೈ ಉರಿಯುವ ಮಾತಿದು.

ಮಾರನೆಯ ದಿನವೇ ಜಬೀನ್ ಹಳ್ಳಿಯ ಜೋಡಣೆ ಮತ್ತೆ ಹಾಕಿ, ಕಂಟ್ರೋಲ್ ರೂಮಿನಲ್ಲೊಂದು ರಿಜಿಸ್ಟರ್ ತಂದಿಟ್ಟರು. ಪಟ್ಟಿ ಬದಲಾಗಬೇಕೆನ್ನುವವರು ಅದರಲ್ಲಿ ಹೆಸರು ಬರೆದು, "ಹಾಲಿನ ಟ್ಯಾಂಕು ಮೊದಲು ಆರಿಸಲು ನಾನೇ ಹೇಳಿದ್ದೇನೆ" ಎಂದು ಸಹಿ ಮಾಡಬೇಕು. ಇದುವರೆಗೆ ಏಳು ಜನ ಏರುದನಿಯಲ್ಲಿ ಬಂದಿದ್ದಾರೆ. ಪೆನ್ನು ಕಂಡೊಡನೆ ಎಲ್ಲರಿಗೂ ಬೇರೆ ಕೆಲಸ ನೆನಪಾಗಿದೆ.

"ಆವಮ್ಮ ಇಲ್ದಿದ್ರೆ ನಮ್ ಆಲೆಲ್ಲ ಮೋರಿಗೇಯ," ಎನ್ನುತ್ತಾರೆ ಡೇರಿಯ ಕಾರ್ಯದರ್ಶಿ ಮುನಿವೆಂಕಟಯ್ಯ, ಬೆಳಗಿನ 640 ಲೀಟರ್ ಹಾಲು ಅಳೆಯುತ್ತ.

ಈಗ ನಿವಾಸಿಗಳ ಸಂಘ ಬೇರೆ ದಾರಿ ಹುಡುಕಿದೆ. ಮುಂದಿನ ಒಂದನೇ ತಾರೀಖಿನಿಂದ ಎಲ್ಲವೂ ಹೆಬ್ಬಾಳದ ಆಫೀಸೊಂದರ ಕಂಪ್ಯೂಟರಿನಿಂದ ನಡೆಯುತ್ತದಂತೆ. ಪಟ್ಟಿಯೂ ಅಲ್ಲೇ, ಯಾರೂ ನೋಡಲಾಗದ ಕಡೆ ಇರುತ್ತದೆ. ಜಬೀನ್ ಕೆಲಸ ಉಳಿಯುವ ಭರವಸೆಯಿಲ್ಲ.

"ಕಂಪ್ಯೂಟರ್ ಮೇಲೆ ನಂಗೆ ಸಿಟ್ಟಿಲ್ಲ. ನನಗಿಂತ ಚುರುಕಾಗಿ ಆರ್ಸುತ್ತೆ. ಯಾರ್ದು ಆರ್ಸ್ಬೇಕು ಅಂತ ಹೇಳೋರು ಮನುಷ್ಯರೇ ಅಲ್ವಾ? ಅವ್ರು ಮುಖ ತೋರಿಸ್ಲಿ."

ಅವರ ಆಸೆ ದೊಡ್ಡದೇನಲ್ಲ: ತಾವು ಹೋದರೂ ಪಟ್ಟಿ ಉಳಿಯಬೇಕು. ಅದಕ್ಕಾಗಿ ಮೊನ್ನೆ ಯಲಹಂಕದಿಂದ ಪೇಂಟರ್ ಒಬ್ಬರನ್ನು ಕರೆಸಿ, ಹಳ್ಳಿಯವರೂ ಲೇಔಟಿನವರೂ ಓಡಾಡುವ ರಸ್ತೆಗೆ ಮುಖ ಮಾಡಿದ ಡೇರಿ ಗೋಡೆಯ ಮೇಲೆ, ಮೊಳದುದ್ದದ ಕನ್ನಡ ಅಕ್ಷರಗಳಲ್ಲಿ ಇಡೀ ಪಟ್ಟಿಯನ್ನು ಬರೆಸಿದ್ದಾರೆ. ಸಂಘದವರು ಅಳಿಸಿದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಜಬೀನ್ ನಗುತ್ತಾರೆ.

"ಅಳಿಸ್ಲಿ. ಆಯಿಲ್ ಪೇಂಟು, ಎರಡು ಕೋಟು. ಹಾಲು ಹಾಕೋಕೆ ಜನ ಸಾಲಾಗಿ ನಿಂತಿರ್ತಾರಲ್ಲ, ಅವ್ರ ಮುಂದೆ ನಿಂತು ಉಜ್ಜಿ ಉಜ್ಜಿ ಅಳಿಸ್ಬೇಕು."