ಚಿಟಿಕೆ ಇಂಗಿನ ತೂಕ

ಹೋದ ಶನಿವಾರ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಚಿಟಿಕೆ ಇಂಗು ಹಾಕಿದೆ. ಸೊನ್ನೆ ತೋರಿಸಿತು. ಇನ್ನೊಂದು ಚಿಟಿಕೆ ಹಾಕಿದೆ. ಆಗಲೂ ಸೊನ್ನೆ.

ಮೂರು ವರ್ಷದಿಂದ ಈ ತಕ್ಕಡಿಯನ್ನು ನಾನು ಮನೆದೇವರಿಗಿಂತ ಹೆಚ್ಚು ನಂಬಿದ್ದೇನೆ. ಅನ್ನ, ಹಾಲು, ಬಾಳೆಹಣ್ಣು, ಹಬ್ಬದ ದಿನದ ಪಾಯಸ, ಎಲ್ಲವೂ ಇದರ ಮೇಲೆ ಕೂತು ಎದ್ದ ಮೇಲೆಯೇ ನನ್ನ ಮಗಳ ತಟ್ಟೆಗೆ ಹೋಗುವುದು. ಇಂಗನ್ನು ಮಾತ್ರ ಯಾವತ್ತೂ ತೂಗಿರಲಿಲ್ಲ. ಚಿಟಿಕೆಯನ್ನು ಯಾರಾದರೂ ತೂಗುತ್ತಾರೆಯೇ?

ಹೊಸ ಓದುಗರಿಗೆ ಸ್ವಲ್ಪ ಹಿನ್ನೆಲೆ. (ಹಳಬರು ಈ ಪ್ಯಾರಾ ಹಾರಿಸಬಹುದು, ನೂರು ಸಲ ಕೊರೆದಿದ್ದೇನೆ.) ಮಗಳ ಹೆಸರು ಮೇಧಾ, ಹತ್ತು ವರ್ಷ. ಏಳನೇ ವಯಸ್ಸಿನಲ್ಲಿ ಟೈಪ್ ಒನ್ ಡಯಾಬಿಟಿಸ್ ಬಂತು. ಉಣ್ಣುವ ಪ್ರತಿಯೊಂದರಲ್ಲೂ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಇದೆ ಎಂದು ಲೆಕ್ಕ ಹಾಕಿ, ಅಷ್ಟಕ್ಕೆ ಸರಿಯಾಗಿ ಇನ್ಸುಲಿನ್ ಕೊಡಬೇಕು. ಕಡಿಮೆ ಕೊಟ್ಟರೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಹೆಚ್ಚು ಕೊಟ್ಟರೆ ಕುಸಿಯುತ್ತದೆ. ಕುಸಿದರೆ ಪ್ರಜ್ಞೆಯೇ ತಪ್ಪಬಹುದು. ಎಂಟು ತುಂಬುವಷ್ಟರಲ್ಲಿ ಸೀಲಿಯಾಕ್ ಎಂಬ ಇನ್ನೊಂದು ಕಾಯಿಲೆಯೂ ಸೇರಿಕೊಂಡಿತು. ಗೋಧಿಯಲ್ಲಿರುವ ಗ್ಲುಟೆನ್ ಅವಳ ಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ. ಇದಕ್ಕೆ ಮಾತ್ರೆ ಇಲ್ಲ. ಗೋಧಿ, ಮೈದಾ, ರವೆ ಬಾಯಿಗೆ ಹೋಗಕೂಡದು, ಅಷ್ಟೇ. ಒಂದು ಚೂರೂ ಹೋಗಕೂಡದು.

ಇಲ್ಲಿ ಸ್ಕೋಫೀಲ್ಡ್ಸ್ ಬಡಾವಣೆಯ ನಮ್ಮ ಮನೆಯಿಂದ ಅವತ್ತೇ ಗೋಧಿಯನ್ನು ಓಡಿಸಿದೆ. ಹತ್ತು ಕೆಜಿ ಹಿಟ್ಟಿನ ಚೀಲ ಪಕ್ಕದ ಮನೆಗೆ ಹೋಯಿತು. ಮದುವೆಯಲ್ಲಿ ಅಮ್ಮ ಕೊಟ್ಟಿದ್ದ ಲಟ್ಟಣಿಗೆ ಕಸದ ಬಿನ್‌ಗೆ. ಹೊಸ ತವಾ, ಹೊಸ ಟೋಸ್ಟರ್, ಹೊಸ ಜರಡಿ. ಸೋಯಾ ಸಾಸ್‌ನಲ್ಲೂ ಗೋಧಿ ಇದೆ ಎಂದು ಗೊತ್ತಾದಾಗ ಬಾಟಲಿಯನ್ನು ಸಿಂಕಿಗೆ ಸುರಿದು ಕೈ ತೊಳೆದುಕೊಂಡೆ. ನಮ್ಮ ಮನೆಯವರು, ಅಂದರೆ ರಘು, ಒಂದು ಬಿಸ್ಕೆಟ್ ತಿನ್ನಬೇಕಾದರೂ ಕಾರಿನಲ್ಲಿ ಕೂತು ತಿಂದು, ಷರ್ಟು ಕೊಡವಿಕೊಂಡು ಒಳಗೆ ಬರಬೇಕು.

ಆಮೇಲೆ ಖಾರಾ ಬನ್. ಮೈಸೂರಿನ ಬೇಕರಿ ರುಚಿಯ ಬನ್ನನ್ನು ಗೋಧಿಯಿಲ್ಲದೆ ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದೆ. ಅಕ್ಕಿಹಿಟ್ಟು, ಜೋಳದ ಹಿಟ್ಟು, ಆಲೂಗಡ್ಡೆ ಸ್ಟಾರ್ಚ್, ಅಂಟಿಗೆ ಇಸಬ್‌ಗೋಲ್. ಮೊದಲ ನಾಲ್ಕು ಸಲ ಬಂದದ್ದು ಗೋಡೆಗೆ ಹೊಡೆದರೆ ಗೋಡೆ ಒಡೆಯುವಂಥದ್ದು. ಐದನೆಯ ಸಲ ಉಬ್ಬಿತು. ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ, ಇಂಗು. ಮೇಧಾ ಕಣ್ಣುಮುಚ್ಚಿ ಎರಡು ತಿಂದಳು. ಒಂದು ಬನ್ನಿಗೆ ಮೂವತ್ತೊಂದು ಗ್ರಾಂ ಕಾರ್ಬ್ ಎಂದು ಫ್ರಿಜ್ ಮೇಲೆ ಬರೆದು ಅಂಟಿಸಿದೆ. ಆ ರೆಸಿಪಿಯನ್ನು ಇದೇ ಜಾಗದಲ್ಲಿ ನಿಮಗೂ ಕೊಟ್ಟೆ. ‘ಇಂಗು ಧಾರಾಳವಾಗಿರಲಿ’ ಎಂದು ಬರೆದಿದ್ದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಸೀಲಿಯಾಕ್ ಇದ್ದರೆ ದಯವಿಟ್ಟು ಆ ಹಾಳೆ ಹರಿದುಹಾಕಿ. ಯಾಕೆ ಎಂದು ಹೇಳುತ್ತೇನೆ.

ಇಷ್ಟೆಲ್ಲ ಮಾಡಿದರೂ ವರ್ಷದ ಕೊನೆಗೆ ಅವಳ ರಕ್ತಪರೀಕ್ಷೆ ಸರಿಬರಲಿಲ್ಲ. ಗ್ಲುಟೆನ್ ಬಿಟ್ಟ ಮೇಲೆ ಇಳಿಯಬೇಕಾದ ಸಂಖ್ಯೆ ಇಳಿದಿರಲಿಲ್ಲ. ಆರು ತಿಂಗಳ ನಂತರ ನೋಡಿದರೆ ಏರಿತ್ತು. ಎಲ್ಲಿಂದಲೋ ಗ್ಲುಟೆನ್ ಹೊಟ್ಟೆಗೆ ಹೋಗುತ್ತಿದೆ, ಎರಡು ವಾರ ತಿಂದದ್ದೆಲ್ಲ ಬರೆದು ತನ್ನಿ ಎಂದರು ಡಯಟಿಷಿಯನ್. ಬರೆದೆ. ತೊಗರಿಬೇಳೆ ಹದಿನೆಂಟು ಗ್ರಾಂ, ಅನ್ನ ನೂರಾ ಇಪ್ಪತ್ತು ಗ್ರಾಂ, ಕೊನೆಗೆ ‘ಒಗ್ಗರಣೆ’.

“ವಾಟ್ ಈಸ್ ಒಗ್ಗರಣೆ?” ಎಂದು ಆಕೆ ಕೇಳಿದರು.

“ಜಸ್ಟ್ ಸ್ಪೈಸಸ್,” ಎಂದೆ.

ಎರಡೇ ಪದದಲ್ಲಿ ಮುಗಿಸಿದೆ. ಸಾಸಿವೆಯಲ್ಲಿ ಕಾರ್ಬ್ ಇಲ್ಲ, ಕರಿಬೇವಿನಲ್ಲಿ ಇಲ್ಲ, ಚಿಟಿಕೆ ಇಂಗಿನಲ್ಲಿ ಏನಿರುತ್ತದೆ? ಗ್ರಾಂ ಲೆಕ್ಕ ಹಾಕಿ ಹಾಕಿ, ತೂಕ ಇಲ್ಲದ್ದನ್ನು ಆಹಾರ ಎಂದೇ ಎಣಿಸದ ಸ್ಥಿತಿಗೆ ಬಂದಿದ್ದೆ.

ಪಟ್ಟಿ ನೋಡಿ ಆಕೆ ಮೆಚ್ಚಿಕೊಂಡರು. ಮನೆಯಲ್ಲಿ ತಪ್ಪಿದ್ದಂತೆ ಕಾಣುವುದಿಲ್ಲ, ಈ ವಯಸ್ಸಿನ ಮಕ್ಕಳು ಕೆಲವು ಸಲ ಹೊರಗೆ ತಿನ್ನುವುದುಂಟು, ಮೆಲ್ಲಗೆ ಕೇಳಿ ನೋಡಿ ಎಂದರು.

ಮೆಲ್ಲಗೆ ಕೇಳುವ ಅಭ್ಯಾಸ ನನಗಿಲ್ಲ.

“ರೂಬಿ ಬರ್ತ್‌ಡೇಲಿ ಏನ್ ತಿಂದೆ?” ಕಾರು ಹತ್ತಿದ ಕೂಡಲೇ ಶುರುಮಾಡಿದೆ. ರೂಬಿ ಅವಳ ಕ್ಲಾಸಿನ ಗೆಳತಿ.

“ಮೈ ಓನ್ ಕಪ್‌ಕೇಕ್. ನೀನು ಕೊಟ್ಟಿದ್ದು.”

“ಅವ್ರ ಕೇಕ್?”

“ನೋ, ಅಮ್ಮ.”

“ಸುಳ್ಳು ಹೇಳ್ಬೇಡ. ರಕ್ತ ಸುಳ್ಳು ಹೇಳಲ್ಲ.”

ಮರುದಿನವೂ ಕೇಳಿದೆ. ಅದರ ಮರುದಿನವೂ. ಅವಳ ಲಂಚ್ ಬಾಕ್ಸ್ ಮೂಸಿ ನೋಡಿದೆ. ಬ್ಯಾಗಿನ ತಳ ತಡಕಿದೆ. ಒಂದು ಸಂಜೆ ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿದೆ. (ನಮ್ಮ ದೇವರಮನೆ ಪ್ಯಾಂಟ್ರಿಯ ಒಂದು ಕಪಾಟು. ಮೇಲಿನ ಹಲಗೆಯಲ್ಲಿ ದೇವರು, ಕೆಳಗಿನ ಹಲಗೆಯಲ್ಲಿ ಒಗ್ಗರಣೆ ಡಬ್ಬಿ.) ದೀಪದ ಮೇಲೆ ಕೈಯಿಟ್ಟು ಅವಳು ತಿಂದಿಲ್ಲ ಎಂದಳು. ನಾನು ನಂಬಲಿಲ್ಲ.

“ಬಿಡೇ ಸಾಕು, ಮಗು ಅದು,” ಎಂದರು ರಘು.

“ನೀವು ಸುಮ್ನಿರಿ. ಅಡುಗೆ ಮಾಡೋಳು ನಾನು. ನನ್ನ ಅಡುಗೇಲಿ ಏನಿದೆ ಅಂತ ನಂಗೊತ್ತು.”

ಹೀಗೆ ಮೂರು ವಾರ. ಮೂರನೇ ವಾರದ ಭಾನುವಾರ, ಊಟದ ಮಧ್ಯೆ ಮೇಧಾ ಚಮಚ ಕೆಳಗಿಟ್ಟಳು. “ಓಕೆ. ಐ ಏಟ್ ರೂಬೀಸ್ ಕೇಕ್.”

“ಎಷ್ಟು?”

“ಟೂ ಪೀಸಸ್.”

“ಐಸಿಂಗ್ ಇತ್ತಾ?”

“ಯೆಸ್.”

ನನಗೆ ಆಗ ಏನನ್ನಿಸಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಸಮಾಧಾನವಾಯಿತು. ನನ್ನ ಅಡುಗೆಮನೆ ಗೆದ್ದಿತು ಎನ್ನಿಸಿತು. ಆ ವಾರವೇ ಅವಳ ಪಾರ್ಟಿಗಳನ್ನೆಲ್ಲ ನಿಲ್ಲಿಸಿದೆ. ರೂಬಿಯ ಅಮ್ಮನಿಗೆ ಖಾರವಾಗಿ ಮೆಸೇಜ್ ಹಾಕಿದೆ. ರೂಬಿ ನಮ್ಮ ಮನೆಗೆ ಬರುವುದೂ ನಿಂತಿತು.

ಅಷ್ಟಕ್ಕೇ ಬಿಟ್ಟೆನೇ? ಕೂತು ಅಂಕಣ ಬರೆದೆ. ಮಕ್ಕಳು ಸುಳ್ಳು ಹೇಳಿದಾಗ ತಾಯಿ ಎಷ್ಟು ಗಟ್ಟಿಯಾಗಿರಬೇಕು ಎಂದು ನಿಮಗೆಲ್ಲ ಪಾಠ ಮಾಡಿದೆ. ಮಗಳ ಹೆಸರು ಹಾಕಿಯೇ ಬರೆದೆ. ನೀವೂ ಮೆಚ್ಚಿದಿರಿ. ಮೆಲ್ಬರ್ನ್‌ನಿಂದ ಒಬ್ಬರು, ಧಾರವಾಡದ ಕಡೆಯವರು, ವಾಯ್ಸ್ ಮೆಸೇಜ್ ಕಳಿಸಿದ್ದರು: “ಭಾಳ ಛಲೋ ಮಾಡೀರಿ ಅಕ್ಕಾರ. ಹುಡುಗರಿಗೆ ಹಿಂಗ ಬಿಗಿ ಹಿಡೀಬೇಕು ನೋಡ್ರಿ.” ಅದನ್ನು ಎರಡು ಸಲ ಕೇಳಿ ಖುಷಿಪಟ್ಟಿದ್ದೆ.

ಹೊರಗಿನದು ನಿಂತಿತಲ್ಲ, ಇನ್ನು ಮನೆಯದೇ ಗತಿ. ಬೆಳಿಗ್ಗೆ ಖಾರಾ ಬನ್, ಮಧ್ಯಾಹ್ನದ ಡಬ್ಬಿಗೆ ಚಿತ್ರಾನ್ನ, ರಾತ್ರಿ ಸಾರು. ಎಲ್ಲದಕ್ಕೂ ಇಂಗು. ಮಗು ಸೊರಗುತ್ತಿದೆ ಎಂದು ಇನ್ನೊಂದಿಷ್ಟು ಬಡಿಸಿದೆ.

ಸ್ಕೂಲಿನ ಅಥ್ಲೆಟಿಕ್ಸ್ ದಿನ ಬೆಳಿಗ್ಗೆ ಎರಡು ಬನ್ ತಿಂದು ಹೋದಳು. ಅರವತ್ತೆರಡು ಗ್ರಾಂ. ಓಟ ಇದೆ ಎಂದು ಇನ್ಸುಲಿನ್ ಸ್ವಲ್ಪ ಕಡಿಮೆಯೇ ಕೊಟ್ಟಿದ್ದೆ. ಹತ್ತೂವರೆಗೆ ಸ್ಕೂಲಿನಿಂದ ಫೋನ್ ಬಂತು. ಸಾಲಿನಲ್ಲಿ ನಿಂತಿದ್ದವಳು ಕುಸಿದು ಬಿದ್ದಿದ್ದಳು, ಹುಲ್ಲಿನ ಮೇಲೆ ಫಿಟ್ಸ್ ಬಂದಿತ್ತು. ಟೀಚರ್ ಒಬ್ಬರು ಸಕ್ಕರೆ ಏರಿಸುವ ತುರ್ತು ಇಂಜೆಕ್ಷನ್ ಕೊಟ್ಟು ಆಂಬುಲೆನ್ಸ್ ಕರೆದಿದ್ದರು. ನಾನು ಆಸ್ಪತ್ರೆ ಮುಟ್ಟಿದಾಗ ಅವಳ ಮೊಣಕೈಯಲ್ಲಿ ಹುಲ್ಲಿನ ಹಸಿರು ಹಾಗೇ ಇತ್ತು. ನಾಲಗೆ ಕಚ್ಚಿಕೊಂಡಿದ್ದಳು.

ಡಾಕ್ಟರ್ ತಿಂಡಿಯ ಲೆಕ್ಕ ಕೇಳಿದರು. ಹೇಳಿದೆ. ಖಚಿತವೇ ಎಂದರು. ಆಗ ನನ್ನ ಬಾಯಿಂದ ಬಂದ ಮಾತು ಇದು: “ಮೈ ಕೌಂಟಿಂಗ್ ಈಸ್ ಕರೆಕ್ಟ್, ಡಾಕ್ಟರ್. ಶೀ ಈಟ್ಸ್ ಔಟ್‌ಸೈಡ್ ಅಂಡ್ ಲೈಸ್.”

ಮಗಳು ಅಲ್ಲೇ ಮಲಗಿದ್ದಳು. ಎಚ್ಚರ ಇತ್ತು.

ಡಾಕ್ಟರ್ ಬಿಡಿಸಿ ಹೇಳಿದರು. ಲೆಕ್ಕ ಸರಿಯೇ ಇರಬಹುದು, ಆದರೆ ಕರುಳು ಹಾಳಾಗಿರುವುದರಿಂದ ತಿಂದದ್ದು ಸರಿಯಾಗಿ ರಕ್ತಕ್ಕೆ ಸೇರುತ್ತಿಲ್ಲ. ಇನ್ಸುಲಿನ್ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ. ಗ್ಲುಟೆನ್ ಇನ್ನೂ ಹೋಗುತ್ತಲೇ ಇದೆ. ನಾನು ಮೇಧಾಳ ಕಡೆ ನೋಡಿದೆ, ನೋಡಿದೆಯಾ ಎನ್ನುವ ಹಾಗೆ. ಅವಳು ಗೋಡೆಯ ಕಡೆ ತಿರುಗಿಕೊಂಡಳು.

ಇದಾಗಿ ಎರಡು ವಾರ. ಮನೆಯಲ್ಲಿ ಇಂಗು ಮುಗಿಯಲು ಬಂದಿತ್ತು. ಮೈಸೂರಿನಿಂದ ಯಾರಾದರೂ ಬಂದರೆ ಅಮ್ಮ ಎರಡು ಮೂರು ಪ್ಯಾಕೆಟ್ಟಿನದನ್ನು ಒಂದೇ ಪ್ಲಾಸ್ಟಿಕ್ ಕವರಿಗೆ ಸುರಿದು ಕಟ್ಟಿ ಕಳಿಸುವುದು ರೂಢಿ. ನಾನು ಅದನ್ನು ಸ್ಟೀಲ್ ಡಬ್ಬಿಗೆ ತುಂಬಿಡುತ್ತೇನೆ. ಲೇಬಲ್ಲನ್ನು ನಾನೂ ಕಂಡವಳಲ್ಲ, ಮೇಧಾಳೂ ಕಂಡವಳಲ್ಲ. ಈ ಸಲ ಬರುವವರು ಯಾರೂ ಇರಲಿಲ್ಲ. ಅವಳನ್ನು ಕರೆದುಕೊಂಡು ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಗೆ ಹೋದೆ.

ಅಂಗಡಿಯಲ್ಲಿ ಲೇಬಲ್ ಓದುವುದು ಅವಳ ಕೆಲಸ. ಎಂಟನೇ ವಯಸ್ಸಿನಿಂದ ಮಾಡುತ್ತಿದ್ದಾಳೆ. ಇಂಗಿನ ಡಬ್ಬಿ ತಿರುಗಿಸಿ ಓದಿದಳು. ನನ್ನ ಕೈಗೆ ಕೊಟ್ಟಳು. ಅವಳ ಹೆಬ್ಬೆರಳು ಒಂದು ಸಾಲಿನ ಕೆಳಗಿತ್ತು. ಗೋಧಿ ಹಿಟ್ಟು.

“ಇದು ಬೇಡ, ಬೇರೆ ತಗೋ,” ಎಂದೆ. ನನಗೆ ಇನ್ನೂ ಹೊಳೆದಿರಲಿಲ್ಲ.

ಇನ್ನೊಂದು ಓದಿದಳು. ಅದರಲ್ಲೂ ಗೋಧಿ. ಮೂರನೆಯದರಲ್ಲೂ. ಆಮೇಲೆ ಮೆಲ್ಲಗೆ ಕೇಳಿದಳು. “ಅಮ್ಮ, ವಾಟ್ಸ್ ಇನ್ ಅವರ್ಸ್?”

ಅಲ್ಲೇ ನಿಂತು ಮೈಸೂರಿಗೆ ಫೋನ್ ಮಾಡಿದೆ. ಅಮ್ಮ ಅಡುಗೆಮನೆಗೆ ಹೋಗಿ, ಕನ್ನಡಕ ಹುಡುಕಿ, ತಾನು ತರಿಸುವ ಪ್ಯಾಕೆಟ್ ಓದಿದಳು. “ಮೈದಾ ಅಂತಿದೆ ಕಣೇ. ಬರೀ ಇಂಗು ಯಾರು ಮಾರ್ತಾರೆ? ಹಿಟ್ಟು ಬೆರೆಸೇ ಬೆರೆಸ್ತಾರೆ. ಗೊತ್ತಿರ್ಲಿಲ್ವಾ ನಿಂಗೆ?”

ಗೊತ್ತಿರಲಿಲ್ಲ. ಉಪ್ಪಿನ ಪ್ಯಾಕೆಟ್ ಹಿಂದೆ ಏನು ಬರೆದಿದೆ ಎಂದು ನೋಡದ ಹಾಗೆಯೇ ಇಂಗಿನದ್ದನ್ನೂ ನೋಡಿರಲಿಲ್ಲ. ಲಟ್ಟಣಿಗೆ ಎಸೆದವಳು, ಗಂಡನನ್ನು ಕಾರಿನಲ್ಲಿ ಕೂರಿಸಿ ಬಿಸ್ಕೆಟ್ ತಿನ್ನಿಸಿದವಳು, ದಿನಕ್ಕೆ ಮೂರು ಹೊತ್ತು ನನ್ನ ಕೈಯಾರೆ ಮಗಳಿಗೆ ಮೈದಾ ಹಾಕುತ್ತಿದ್ದೆ.

ಕಾರಿನಲ್ಲಿ ಕೂತ ಮೇಲೆ ಕೇಳಿದೆ. “ಮತ್ತೆ ಕೇಕ್ ತಿಂದೆ ಅಂತ ಯಾಕೆ ಹೇಳ್ದೆ ಪುಟ್ಟಿ?”

“ಯು ವುಡ್‌ನ್ಟ್ ಸ್ಟಾಪ್ ಆಸ್ಕಿಂಗ್.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಒಳ್ಳೆಯದಿತ್ತು. ಮನೆಗೆ ಬಂದು ಡಬ್ಬಿಯ ತಳದಲ್ಲಿ ಉಳಿದ ಇಂಗನ್ನು ಬಿನ್‌ಗೆ ಸುರಿಯುವ ಮೊದಲು ತಕ್ಕಡಿಯ ಮೇಲೆ ಹಾಕಿ ನೋಡಿದ್ದು ಆಗಲೇ. ಮಗಳ ಕರುಳು ಸವೆಸಿದ್ದಕ್ಕೆ ಒಂದಿಷ್ಟಾದರೂ ತೂಕ ಬರಲಿ ಎಂದು ಕಾದು ನಿಂತೆ. ಬರಲಿಲ್ಲ.

ಅವಳ ಮುಂದೆ ಕೂತು ಕ್ಷಮೆ ಕೇಳಿದೆ. “ಇಟ್ಸ್ ಓಕೆ,” ಎಂದಳು. ರಕ್ತ ತೆಗೆಯುವಾಗ ನರ್ಸ್ ಸಾರಿ ಎಂದರೂ ಹೀಗೆಯೇ ಇಟ್ಸ್ ಓಕೆ ಎನ್ನುತ್ತಾಳೆ. ರೂಬಿಯ ಅಮ್ಮನಿಗೆ ಮತ್ತೆ ಮೆಸೇಜ್ ಹಾಕಿದ್ದೇನೆ. ಓದಿದ್ದಾರೆ, ಉತ್ತರ ಬಂದಿಲ್ಲ. ಡಯಟಿಷಿಯನ್‌ಗೂ ಹೇಳಿದೆ. ಕರುಳು ಸರಿಹೋಗಲು ಸಮಯ ಹಿಡಿಯುತ್ತದೆ, ಎಷ್ಟು ಎಂದು ಈಗಲೇ ಹೇಳಲಾಗದು ಎಂದರು. ಈಗ ನಾನು ಏನು ಬಡಿಸಿದರೂ ಮೇಧಾ ಒಮ್ಮೆ ಅಡುಗೆಮನೆಗೆ ಹೋಗಿ, ಡಬ್ಬಿಗಳನ್ನೆಲ್ಲ ತಿರುಗಿಸಿ ನೋಡಿ ಬಂದು ಆಮೇಲೆ ಕೂರುತ್ತಾಳೆ. ಲೇಬಲ್ ಇಲ್ಲದ ಡಬ್ಬಿಯದ್ದನ್ನು ಮುಟ್ಟುವುದಿಲ್ಲ. ನಾನು ಹೇಳಿದರೂ ಮುಟ್ಟುವುದಿಲ್ಲ.

ನಿನ್ನೆ ಕನ್ನಡ ಕ್ಲಾಸಿನಿಂದ ಬಂದವಳು ಬೂಟು ಬಿಚ್ಚುತ್ತಾ ಕೇಳಿದಳು. ಅಲ್ಲಿ ಯಾರೋ ಆಂಟಿ, “ಇನ್ಮೇಲೆ ಕದ್ದು ಕೇಕ್ ತಿನ್ಬಾರ್ದು, ಆಯ್ತಾ?” ಎಂದು ಕೆನ್ನೆ ಹಿಂಡಿದರಂತೆ.

“ಅಮ್ಮ, ಡಿಡ್ ಯು ರೈಟ್ ದಟ್ ಐ ಲೈಡ್?”

ಹೌದು ಎಂದೆ. ಅವಳಿಗೆ ಕನ್ನಡ ಓದಲು ಇನ್ನೂ ಸರಿಯಾಗಿ ಬರುವುದಿಲ್ಲ. ಇಷ್ಟು ದಿನ ಅದೇ ನನ್ನ ಧೈರ್ಯವಾಗಿತ್ತು.

“ಹೌ ಮೆನಿ ಪೀಪಲ್ ರೆಡ್ ಇಟ್?”

ಗೊತ್ತಿಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಈ ಮನೆಯಲ್ಲಿ ಅವಳು ಕೇಳಿದ ಯಾವ ಸಂಖ್ಯೆಗೂ ಗೊತ್ತಿಲ್ಲ ಎನ್ನುವ ಉತ್ತರ ಇದುವರೆಗೆ ಸಿಕ್ಕಿರಲಿಲ್ಲ.

ಇವತ್ತಿನ ಈ ಅಂಕಣವನ್ನು ಅವಳ ಪಕ್ಕ ಕೂತು ಒಂದೊಂದೇ ಸಾಲು ಓದಿ ಹೇಳುತ್ತೇನೆ. ಕೊನೆಗೆ ಅದೇ ಪ್ರಶ್ನೆ ಬರುತ್ತದೆ, ಈ ಸಲ ಉತ್ತರ ಬೇಕು.

ಹೇಳಿ, ಅವತ್ತು ನೀವೆಷ್ಟು ಜನ ಓದಿದ್ದಿರಿ?