ಎಡಗೈ ಬಂದೂಕು

ಷಡ್ಡಕ ಅಂದರೆ ಎಂಥ ಸಂಬಂಧ ಅಂತ ಯಾರಾದರೂ ಕೇಳಿದರೆ ಫಿಟ್ಟರ್ ಹೇಳುತ್ತಿದ್ದದ್ದು ಒಂದೇ ಮಾತು. ‘ನಾವು ಆರಿಸಿಕೊಂಡದ್ದಲ್ಲ, ಒಡಹುಟ್ಟಿದ್ದೂ ಅಲ್ಲ. ಹೆಂಡತಿಯ ತಂಗಿ ಎಲ್ಲಿಂದಲೋ ತಂದು ನಮ್ಮ ತಲೆಗೆ ಕಟ್ಟಿದ್ದು.’ ನಾದಿನಿ ತಂದು ಕಟ್ಟಿದ್ದು ನಲ್ಲಿ, ಪೈಪು ಮಾರುವ ಅಂಗಡಿಯ ಮಾಲೀಕನನ್ನು. ಇಬ್ಬರದ್ದೂ ಮೊದಲ ದಿನದಿಂದ ಎಣ್ಣೆ ಸೀಗೆಕಾಯಿ. ಷಡ್ಡಕ ಬಾಯಿ ತೆರೆದರೆ ‘ಅಣ್ಣಾ, ಅಣ್ಣಾ’ ಅಂತ ಜೇನು ಸುರಿಸುತ್ತಿದ್ದ, ಬೆನ್ನು ತಿರುಗಿಸಿದ ಕೂಡಲೇ ‘ಆಟಿಕೆ ಮಾಡೋ ಮುದುಕ’ ಅನ್ನುತ್ತಿದ್ದ. ಫಿಟ್ಟರಿಗೆ ಆ ನಾಟಕ ಬರುತ್ತಿರಲಿಲ್ಲ. ಎದುರಿಗೂ ಬೆನ್ನಿಗೂ ಒಂದೇ ಬೈಗುಳ.

ಆಟಿಕೆ ಅನ್ನುವ ಮಾತು ಎಲ್ಲಿಂದ ಬಂತು ಅಂತ ಹೇಳಿಬಿಡಬೇಕು. ಫಿಟ್ಟರ್ ಹಗಲೆಲ್ಲ ಕಾರ್ಖಾನೆಯಲ್ಲಿ ಕಬ್ಬಿಣ ಉಜ್ಜುವುದು, ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಮತ್ತೆ ಕಬ್ಬಿಣವನ್ನೇ ಉಜ್ಜುವುದು. ಬಚ್ಚಲಿನ ಪಕ್ಕ ಒಂದು ಕಿರುಕೋಣೆ. ಅದರಲ್ಲಿ ಒಂದು ಬೆಂಚು, ಕಬ್ಬಿಣ ಬಿಗಿಹಿಡಿಯುವ ಒಂದು ವೈಸು, ಗೋಡೆಗೆ ಸಾಲಾಗಿ ಅರಗಳು, ಮತ್ತೆ ಅವನ ಹೆಂಡತಿ ಕಾಲಿಟ್ಟಲ್ಲೆಲ್ಲ ಚುಚ್ಚುವ ಲೋಹದ ಪುಡಿ. ಅಲ್ಲಿ ಕೂತು ಅವನು ಹಳೇ ಕಾಲದ ಆಯುಧಗಳ ನಕಲು ಮಾಡುತ್ತಿದ್ದ. ಕತ್ತಿ, ಕಠಾರಿ, ಗಂಡುಗೊಡಲಿ, ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುವ ಹಳೆ ಬಂದೂಕು. ಮರಕ್ಕೆ ಚಹಾದ ಡಿಕಾಕ್ಷನ್ ಕುಡಿಸಿ, ಕಬ್ಬಿಣಕ್ಕೆ ಉಪ್ಪು ವಿನೆಗರ್ ಹಚ್ಚಿ ಒದ್ದೆ ಬಟ್ಟೆ ಸುತ್ತಿಟ್ಟು, ಬೀಗದ ಕೈ ಗೊಂಚಲಿನಿಂದ ಅಲ್ಲಲ್ಲಿ ಹೊಡೆದು, ಮೊನ್ನೆ ಮಾಡಿದ್ದಕ್ಕೆ ಇನ್ನೂರು ವರ್ಷ ವಯಸ್ಸು ತರುತ್ತಿದ್ದ. ಬೀದಿಯವರು ಅವನಿಗೆ ‘ಸೇನಾಪತಿ’ ಅಂತ ಹೆಸರಿಟ್ಟಿದ್ದರು. ಅವನಿಗೆ ಅದು ಗೊತ್ತಿತ್ತು, ಮೈ ಉರಿಯುತ್ತಿತ್ತು.

ಅವನಿಗೆ ಬೇಕಾಗಿದ್ದದ್ದು ಬಹಳ ಇರಲಿಲ್ಲ, ನೋಡಿ. ಮಾರುವ ಆಸೆ ಇರಲಿಲ್ಲ, ಮೆರೆಯುವ ಆಸೆಯೂ ಇರಲಿಲ್ಲ. ತಿಳಿದವರು ಒಬ್ಬರು, ಒಬ್ಬರೇ ಒಬ್ಬರು, ಅವನು ಮಾಡಿದ್ದನ್ನು ಕೈಗೆತ್ತಿಕೊಂಡು ‘ಇದು ನಿಮ್ಮ ಕೈಕೆಲಸವಾ?’ ಅಂತ ಕೇಳಬೇಕು. ಇಪ್ಪತ್ತೆಂಟು ವರ್ಷದಲ್ಲಿ ಹಾಗೆ ಯಾರೂ ಕೇಳಲಿಲ್ಲ. ಬಂದವರೆಲ್ಲ ಕೇಳಿದ್ದು ‘ಇದರಲ್ಲಿ ಗುಂಡು ಹಾರುತ್ತಾ?’ ಅಂತ. ಹಾರುತ್ತಿರಲಿಲ್ಲ. ಯಾಕಂದರೆ ನಳಿಗೆಯೊಳಗೆ ನಾಲ್ಕು ಬೆರಳು ಆಳಕ್ಕೆ ಅವನೇ ಸೀಸ ಹೊಯ್ದು ಮುಚ್ಚಿಬಿಡುತ್ತಿದ್ದ. ಪೊಲೀಸರ ಸಹವಾಸ ಯಾರಿಗೆ ಬೇಕು?

ಎಡವಟ್ಟಾದದ್ದು ಆರನೇ ಬಂದೂಕಿನಲ್ಲಿ. ಹಳೆ ಕ್ಯಾಲೆಂಡರೊಂದರಲ್ಲಿ ಒಂದು ಚಕಮಕಿ ಬಂದೂಕಿನ ದೊಡ್ಡ ಚಿತ್ರ ಸಿಕ್ಕಿತ್ತು. ಅದನ್ನು ಗೋಡೆಗೆ ಅಂಟಿಸಿಕೊಂಡು ಹದಿನಾಲ್ಕು ತಿಂಗಳು ಕೆತ್ತಿದ. ಯಾರೋ ಒಡೆದು ಬಿಸಾಕಿದ ಬಾಗಿಲ ಚೌಕಟ್ಟಿನ ತೇಗದಿಂದ ಹಿಡಿ, ನೀರಿನ ಪೈಪಿನಿಂದ ನಳಿಗೆ. ಆ ಪೈಪು ತಂದದ್ದು ಷಡ್ಡಕನ ಅಂಗಡಿಯಿಂದಲೇ. ಹಿತ್ತಾಳೆ ತಗಡಿನ ಮೇಲೆ ಕೂದಲೆಳೆಯಷ್ಟು ಸಣ್ಣ ಬಳ್ಳಿ ಕೊರೆದ. ಮುಗಿದ ಮೇಲೆ, ಅಸಲಿ ಇದ್ದ ಪಕ್ಕದ ಊರಿನ ಮ್ಯೂಸಿಯಮ್ಮಿಗೆ ಹೆಂಡತಿಯನ್ನೂ ಕರೆದುಕೊಂಡು ಹೋದ, ಹೋಲಿಸಿ ನೋಡಿ ಖುಷಿಪಡೋಣ ಅಂತ. ಗಾಜಿನ ಮುಂದೆ ನಿಂತವನ ಮುಖ ಸುಣ್ಣವಾಯಿತು.

‘ಏನಾಯ್ತು?’ ಅಂದಳು ಹೆಂಡತಿ.

‘ನಮ್ಮದು ಉಲ್ಟಾ ಆಗಿದೆ ಕಣೇ. ಕಿಡಿ ಹಾರೋ ಕೀಲು ಬಲಗಡೆ ಇರಬೇಕು. ಆ ಕ್ಯಾಲೆಂಡರಿನವನು ಚಿತ್ರ ಮಗುಚಿ ಅಚ್ಚು ಹಾಕಿದ್ದಾನೆ. ನಾನು ಎಡಗಡೆ ಕೂರಿಸಿಬಿಟ್ಟಿದ್ದೀನಿ.’

‘ಸ್ವಲ್ಪ ಆಚೆ ಕಡೆಗೆ ತಿರುಗಿಸಿ ಕೂರಿಸಿದರೆ ಆಗಲ್ವಾ?’

‘ಅದೇನು ಟೋಪಿನಾ, ತಿರುಗಿಸಿ ಹಾಕ್ಕೊಳ್ಳೋಕೆ?’

ಬಲಗೈಯವನು ಆ ಬಂದೂಕನ್ನು ಭುಜಕ್ಕೇರಿಸಿದರೆ ಕಿಡಿ ಸೀದಾ ಅವನ ಕೆನ್ನೆಗೇ ಹಾರಬೇಕು, ಹಾಗಾಗಿತ್ತು ಕೆಲಸ. ಇಷ್ಟು ವರ್ಷ ಕಬ್ಬಿಣ ಉಜ್ಜಿದವನಿಗೆ ಅಷ್ಟು ಹೊಳೆಯಲಿಲ್ಲ. ಆ ನಾಚಿಕೆಯನ್ನು ಹೆಂಡತಿಯ ಹೊರತು ಇನ್ಯಾರಿಗೂ ಅವನು ಬಾಯಿಬಿಟ್ಟು ಹೇಳಲಿಲ್ಲ. ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ಬೆಂಚಿನ ಕೆಳಗೆ ತಳ್ಳಿದ. ಷಡ್ಡಕ ಹೊಸ ಮನೆ ಕಟ್ಟಿಸಿ ಕರೆದಾಗ ಅದನ್ನೇ ಒರೆಸಿ ಉಡುಗೊರೆ ಅಂತ ಎತ್ತಿಕೊಂಡು ಹೊರಟ.

‘ಬೇಡ ರೀ,’ ಅಂದಳು ಹೆಂಡತಿ. ‘ಕೆಟ್ಟದ್ದನ್ನ ತಂಗಿ ಮನೆಗೆ ಕೊಡಬೇಡಿ. ಒಂದು ಗಡಿಯಾರ ತಗೊಂಡು ಹೋಗೋಣ.’

‘ಅವನಿಗೇನು ತಿಳಿಯುತ್ತೆ? ಕತ್ತೆಗೆ ಗೊತ್ತಾ ಕಸ್ತೂರಿ ಪರಿಮಳ?’

ಷಡ್ಡಕ ಅದನ್ನು ತೆಗೆದುಕೊಂಡ, ‘ಓಹೋ’ ಅಂದ, ಸೋಫಾದ ಹಿಂದೆ ಇಟ್ಟ. ಮರ್ಯಾದೆಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲ. ಆರು ತಿಂಗಳಾದ ಮೇಲೆ ನೋಡಿದರೆ ಬಂದೂಕು ಹಜಾರದ ಗೋಡೆಯ ಮೇಲಿದೆ, ಮೇಲೊಂದು ದೀಪ ಬೇರೆ. ಬಂದ ಅತಿಥಿಗಳಿಗೆ ಷಡ್ಡಕ ವಿವರಿಸುತ್ತಿದ್ದಾನೆ: ‘ನಮ್ಮ ಮುತ್ತಾತಂದು. ದೊಡ್ಡ ದಂಡಾಳು. ನೋಡಿ, ಕೀಲು ಎಡಗಡೆ ಇದೆ. ನನ್ನ ಹಾಗೇ ಅವರೂ ಎಡಚರು. ರಕ್ತದಲ್ಲೇ ಬಂದಿದೆ.’ ಷಡ್ಡಕ ಎಡಚ ಅನ್ನುವುದು ನಿಜ. ಬರೆಯುವುದು, ಹಲ್ಲುಜ್ಜುವುದು, ಎಲ್ಲ ಎಡಗೈಯಲ್ಲೇ. ಮುತ್ತಾತ ಮಾತ್ರ, ಫಿಟ್ಟರಿಗೆ ತಿಳಿದ ಮಟ್ಟಿಗೆ, ಗಾಡಿಗೆ ಎಣ್ಣೆ ಬಿಡುತ್ತಿದ್ದವನು.

ಫಿಟ್ಟರ್ ಅಲ್ಲೇ ನಿಂತಿದ್ದ, ಗಂಟಲಲ್ಲಿ ಬಿಸಿ ತುಪ್ಪ. ‘ಅದು ನಾನು ಮಾಡಿದ್ದು’ ಅಂದರೆ ‘ಹಾಗಾದರೆ ಎಡಗಡೆ ಯಾಕೆ?’ ಅನ್ನುತ್ತಾರೆ. ಸುಮ್ಮನಿದ್ದರೆ ಹದಿನಾಲ್ಕು ತಿಂಗಳ ಬೆವರು ಎಣ್ಣೆ ಬಿಡುವವನ ಪಾಲಾಗುತ್ತದೆ. ಸುಮ್ಮನಿದ್ದ. ಹನ್ನೊಂದು ವರ್ಷ ಸುಮ್ಮನಿದ್ದ, ಮನೆಗೆ ಬಂದು ಹೆಂಡತಿಯ ಮುಂದೆ ಮಾತ್ರ ಷಡ್ಡಕನ ಜನ್ಮ ಜಾಲಾಡಿದ. ಅವಳಿಗೆ ಅದು ರೇಡಿಯೋ ಇದ್ದ ಹಾಗೆ ಅಭ್ಯಾಸವಾಗಿಬಿಟ್ಟಿತ್ತು.

ಆಮೇಲೆ ಮ್ಯೂಸಿಯಮ್ಮಿನವರು ಮನೆಮನೆಗಳ ಹಳೆಯ ವಸ್ತುಗಳ ಪ್ರದರ್ಶನ ಮಾಡುತ್ತೇವೆ, ಇದ್ದವರು ತಿಳಿಸಿ ಅಂತ ಪ್ರಕಟಣೆ ಹೊರಡಿಸಿದರು. ಷಡ್ಡಕ ಬಿಡುತ್ತಾನೆಯೇ? ಬರೆದು ಹಾಕಿದ. ಬುಧವಾರ ಅಧಿಕಾರಿ ಬಂದು ನೋಡುತ್ತಾರೆ ಅಂತ ಉತ್ತರವೂ ಬಂತು. ಮಂಗಳವಾರ ಷಡ್ಡಕ ಫಿಟ್ಟರನ ಕಿರುಕೋಣೆಯ ಬಾಗಿಲಲ್ಲಿ ಹಾಜರ್.

‘ಅಣ್ಣಾ, ನಾಳೆ ಅಕ್ಕನ್ನ ಕರೆದುಕೊಂಡು ಬನ್ನಿ. ಬಂದು ಸುಮ್ಮನೆ ಕೂತಿದ್ದು ಹೋಗಿ.’

‘ಸುಮ್ಮನೆ ಅಂದ್ರೆ?’

‘ಅಂದ್ರೆ ಬಾಯಿ ಬಿಡಬೇಡಿ. ನೀವು ಮಾಡಿದ್ದು ಅಂದ್ರೆ ಯಾರು ನಂಬ್ತಾರೆ? ಹೊಟ್ಟೆಕಿಚ್ಚು ಅಂತಾರೆ. ನಿಮ್ಮ ಮರ್ಯಾದೆಗೇ ಹೇಳ್ತಿದ್ದೀನಿ.’

‘ನನ್ನ ಮರ್ಯಾದೆ ಕಾಯೋಕೆ ನೀನು ಯಾವನಯ್ಯಾ?’ ಅಂದ ಫಿಟ್ಟರ್, ಅರ ಕೆಳಗಿಡದೆ. ‘ಹೊರಡು. ಪುಡಿ ಕಾಲಿಗೆ ಚುಚ್ಚೀತು.’

ಅವತ್ತು ಫಿಟ್ಟರ್ ತೀರ್ಮಾನ ಮಾಡಿದ. ಉಲ್ಟಾ ಆದರೆ ಆಗಲಿ, ನಗುವವರು ನಗಲಿ. ನಾಳೆ ಎಲ್ಲರೆದುರು ಹೇಳಿಬಿಡುವುದೇ ಸರಿ. ‘ಹೇಳಿ, ಹೇಳಿ,’ ಅಂದಳು ಹೆಂಡತಿ. ‘ಪೂರ್ತಿ ಹೇಳೋದಾದರೆ ಹೇಳಿ. ಅರ್ಧ ಹೇಳಬೇಡಿ.’

ಬುಧವಾರ ಬಂದವರು ಒಬ್ಬ ಮೇಡಂ. ಸಣ್ಣ ಆಳು, ಕೈಗೆ ಬಿಳಿ ಗವಸು, ಕುತ್ತಿಗೆಗೆ ಭೂತಗನ್ನಡಿ ನೇತುಹಾಕಿಕೊಂಡಿದ್ದರು. ಷಡ್ಡಕ ಮುತ್ತಾತನ ಕತೆ ಶುರುಮಾಡಿದ. ಮೇಡಂ ಕೇಳಿಸಿಕೊಳ್ಳುತ್ತಲೇ ಬಂದೂಕನ್ನು ಟವೆಲ್ ಮೇಲೆ ಮಲಗಿಸಿ, ನಳಿಗೆಯೊಳಗೆ ಟಾರ್ಚ್ ಬಿಟ್ಟು, ಒಳಗೋಡೆಯನ್ನು ಒಂದು ಕ್ಷಣ ನೋಡಿದರು.

‘ಇದು ನೀರಿನ ಪೈಪು,’ ಅಂದರು. ‘ಬೆಸುಗೆ ಗೀಟು ಕಾಣ್ತಿದೆ. ಹತ್ತು ಹದಿನೈದು ವರ್ಷ ಹಿಂದಿನ ಕೆಲಸ, ಅಷ್ಟೇ.’

ಪೈಪು ಮಾರಿಯೇ ಮನೆ ಕಟ್ಟಿಸಿದವನಿಗೆ ತನ್ನ ಪೈಪಿನ ಗುರುತು ಸಿಕ್ಕಿರಲಿಲ್ಲ. ಷಡ್ಡಕನ ಮುಖ ನೋಡಿ ಫಿಟ್ಟರಿಗೆ ಹನ್ನೊಂದು ವರ್ಷದ ಹೊಟ್ಟೆಯುರಿಗೆ ತಣ್ಣೀರು ಹಾಕಿದಷ್ಟು ಸುಖವಾಯಿತು. ನಾದಿನಿ ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಮೇಡಂ ಮಾತ್ರ ಬಂದೂಕು ಕೆಳಗಿಟ್ಟಿರಲಿಲ್ಲ. ಭೂತಗನ್ನಡಿ ಹಿಡಿದು ಹಿತ್ತಾಳೆಯ ಬಳ್ಳಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓದಿದರು.

‘ಇದನ್ನ ಮಾಡಿದ್ದು ಯಾರು?’

ಫಿಟ್ಟರ್ ಒಂದು ಹೆಜ್ಜೆ ಮುಂದೆ ಬಂದ. ‘ನಾನು ಮೇಡಂ.’

‘ನಿಮ್ಮ ಕೈಕೆಲಸವಾ?’ ಮೇಡಂ ಗವಸು ತೆಗೆದು ಅವನ ಕೈ ಹಿಡಿದು ತಿರುಗಿಸಿ ನೋಡಿದರು, ಬೆರಳ ತುದಿಯ ಕಪ್ಪನ್ನು, ಗಂಟುಗಳನ್ನು. ‘ಇಂಥ ಕೈ ನಾನು ನೋಡಿಲ್ಲ. ಬಳ್ಳಿ ಇರಲಿ ಬಿಡಿ, ಇಡೀ ಕೀಲನ್ನೇ ಎಡಕ್ಕೆ ಹೊಂದಿಸಿದ್ದೀರಲ್ಲ. ಪ್ರತಿ ಸ್ಕ್ರೂ, ಪ್ರತಿ ಸ್ಪ್ರಿಂಗು ತಿರುವುಮುರುವು. ಇದಕ್ಕೆ ಮಾದರಿ ಎಲ್ಲೂ ಸಿಗಲ್ಲ, ತಲೆಯೊಳಗೇ ಮಾಡಬೇಕು. ಯಾಕೆ ಎಡಗೈಗೆ ಮಾಡಿದ್ರಿ?’

ಇಪ್ಪತ್ತೆಂಟು ವರ್ಷ ಕಾದ ಮಾತು ಬಂದೇ ಬಂತು. ಬಂದದ್ದು ಮಾತ್ರ ತಪ್ಪಿನ ಮೇಲೆ ಕೂತುಕೊಂಡು. ಫಿಟ್ಟರನ ನಾಲಿಗೆಯ ತುದಿಯಲ್ಲಿ ಕ್ಯಾಲೆಂಡರ್ ಇತ್ತು. ಅದನ್ನು ಹೇಳಿದರೆ ಮೇಡಂ ಕೈ ಬಿಡುತ್ತಾರೆ, ನಗುತ್ತಾರೆ, ಬಂದೂಕನ್ನು ಆಟಿಕೆಯ ಹಾಗೆ ಕೆಳಗಿಡುತ್ತಾರೆ. ಮೂಲೆಯಲ್ಲಿ ನಿಂತ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಫಿಟ್ಟರ್ ಅವಳ ಕಡೆ ತಿರುಗಲಿಲ್ಲ.

‘ಇವನು ಎಡಚ ಮೇಡಂ,’ ಅಂದ, ಷಡ್ಡಕನ ಕಡೆ ಗದ್ದ ಎತ್ತಿ ತೋರಿಸಿ. ‘ಇವನ ಕೈಗೆ ಸರಿಹೋಗಲಿ ಅಂತ.’

ಒಂದು ಉಸಿರಿನಷ್ಟು ಹೊತ್ತು ಷಡ್ಡಕ ಪಿಳಿಪಿಳಿ ನೋಡಿದ. ಆದರೆ ವ್ಯಾಪಾರಿ ಅಂದರೆ ವ್ಯಾಪಾರಿ. ಮುತ್ತಾತನನ್ನು ಅಲ್ಲೇ ಕೈಬಿಟ್ಟು ಹೊಸ ಸರಕು ಎತ್ತಿಕೊಂಡ. ‘ಹೌದು ಮೇಡಂ. ಒಡಹುಟ್ಟಿದವರೂ ಹೀಗೆ ಮಾಡಲ್ಲ. ನನಗೋಸ್ಕರ ವರ್ಷಗಟ್ಟಲೆ ಕೂತು ಮಾಡಿದ್ದಾರೆ. ಇವರು ಹೆಸರು ಹೇಳಬೇಡ ಅಂದಿದ್ದರು, ಅದಕ್ಕೇ ನಾನು ಮುತ್ತಾತ ಅಂತ ಏನೋ ಹೇಳ್ತಿದ್ದೆ.’ ಅಷ್ಟು ಹೇಳಿ ಎಡಗೈಯನ್ನು ಫಿಟ್ಟರನ ಹೆಗಲ ಮೇಲೆ ಹಾಕಿದ. ಆ ಕೈಯನ್ನು ತೆಗೆದು ಬಿಸಾಕಬೇಕು ಅನ್ನಿಸಿತು ಫಿಟ್ಟರಿಗೆ, ಆದರೆ ಮೇಡಂ ಬರೆದುಕೊಳ್ಳುತ್ತಿದ್ದರು.

ಮನೆಗೆ ಬಂದ ಮೇಲೆ ಫಿಟ್ಟರ್ ಹೆಂಡತಿಯ ಮುಂದೆ ಎಂದಿನ ಹಾಗೆ ‘ಆ ಬೋಳೀಮಗ ನೋಡಿದೆಯಾ, ಹೆಗಲ ಮೇಲೆ ಕೈ ಹಾಕ್ತಾನೆ’ ಅಂತ ಶುರುಮಾಡಿದ.

‘ಸಾಕು ಮಾಡಿ,’ ಅಂದಳು ಅವಳು. ‘ಹನ್ನೊಂದು ವರ್ಷ ಅವನೊಬ್ಬನೇ ಸುಳ್ಳುಗಾರ ಅಂತ ಕೇಳಿಸಿಕೊಂಡೆ. ಇನ್ನು ಕೇಳಿಸಿಕೊಳ್ಳಲ್ಲ.’

ಪ್ರದರ್ಶನ ತೆರೆದ ದಿನ ಬಂದೂಕು ಗಾಜಿನ ಪೆಟ್ಟಿಗೆಯಲ್ಲಿತ್ತು. ಹಳೆಯದಲ್ಲದಿದ್ದರೂ ಅಪರೂಪದ ಕೈಕೆಲಸ ಅಂತ ಮೇಡಂ ಸೇರಿಸಿಕೊಂಡಿದ್ದರು. ಪಕ್ಕದ ಕಾರ್ಡಿನಲ್ಲಿ ಫಿಟ್ಟರನ ಹೆಸರು, ಇನಿಷಿಯಲ್ ಸಮೇತ, ದಪ್ಪ ಅಕ್ಷರದಲ್ಲಿ. ಅದರ ಕೆಳಗೆ: ‘ಎಡಚರಾದ ತಮ್ಮ ಷಡ್ಡಕರಿಗಾಗಿ ಪ್ರೀತಿಯಿಂದ ತಯಾರಿಸಿದ್ದು.’ ಫಿಟ್ಟರ್ ತನ್ನ ಹೆಸರನ್ನು ನಾಲ್ಕು ಸಲ ಓದಿದ. ಕೆಳಗಿನ ಸಾಲನ್ನು ಒಂದೇ ಸಲ ಓದಿದ, ಅದೇ ಹೆಚ್ಚಾಯಿತು. ಷಡ್ಡಕ ಬಂದವರಿಗೆಲ್ಲ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ.

ಮೇಡಂ ಒಂಟಿಯಾಗಿ ಸಿಕ್ಕಿದಾಗ ಫಿಟ್ಟರ್ ಧೈರ್ಯ ಮಾಡಿ ಹೇಳಿದ. ‘ಮನೆಯಲ್ಲಿ ಇನ್ನೂ ಹನ್ನೊಂದು ಬಂದೂಕು ಇವೆ ಮೇಡಂ. ಎಲ್ಲ ಸರಿಯಾಗಿ ಬಲಗೈಗೆ ಮಾಡಿದ್ದು. ಕೂದಲೆಳೆಯಷ್ಟೂ ತಪ್ಪಿಲ್ಲ. ಒಂದು ಸಲ ಬಂದು ನೋಡಿದರೆ...’

‘ಬಲಗೈದು ಅಸಲಿಯೇ ನಮ್ಮ ಉಗ್ರಾಣದಲ್ಲಿ ಒಂಬತ್ತಿವೆ,’ ಅಂದರು ಮೇಡಂ, ಬೇಸರವಿಲ್ಲದೆ. ‘ಅದರ ನಕಲು ಯಾರು ಬೇಕಾದರೂ ಮಾಡ್ತಾರೆ. ನಿಮ್ಮನ್ನ ಇಲ್ಲಿ ತಂದು ನಿಲ್ಲಿಸಿದ್ದು ಇದು ಒಂದೇ. ಇಂಥದ್ದನ್ನ ಯೋಚನೆ ಮಾಡಿ ಮಾಡಿದವರು ನೀವೊಬ್ಬರೇ.’

ಫಿಟ್ಟರ್ ಬಾಯಿ ತೆರೆದ. ಹಿಂದೆ ಹೆಂಡತಿ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

‘ಈಗಲಾದರೂ ಹೇಳಿಬಿಡಿ,’ ಅಂದಳು ಮೆಲ್ಲಗೆ. ‘ಯೋಚನೆ ಮಾಡಿ ಮಾಡಿದ್ದಲ್ಲ, ತಪ್ಪಾಗಿದ್ದು ಅಂತ. ಹೇಳಿ ಮನೆಗೆ ಹೋಗೋಣ.’

ಆ ಕಡೆಯಿಂದ ಪತ್ರಿಕೆಯ ಫೋಟೋದವನು ಕೂಗಿದ, ಮಾಡಿದವರು ಎಲ್ಲಿ, ಷಡ್ಡಕರ ಪಕ್ಕ ನಿಲ್ಲಿ ಅಂತ. ಷಡ್ಡಕ ಆಗಲೇ ಹಲ್ಲು ಬಿಟ್ಟುಕೊಂಡು, ಎಡಗೈ ಚಾಚಿಕೊಂಡು, ಒಬ್ಬ ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದ. ಫಿಟ್ಟರ್ ಒಮ್ಮೆ ಹೆಂಡತಿಯನ್ನು ನೋಡಿದ, ಒಮ್ಮೆ ಕಾರ್ಡಿನ ಮೇಲಿನ ದಪ್ಪ ಅಕ್ಷರಗಳನ್ನು ನೋಡಿದ. ಅಂಗಿಯ ಕಾಲರು ಸರಿಮಾಡಿಕೊಂಡು ಹೋಗಿ ಆ ಕೈಯ ಕೆಳಗೆ ನಿಂತುಕೊಂಡ.